ಸಮುದ್ರ ಬತ್ತಿಸಲಾಗದ ಹೈದರ್: ಮೈಸೂರು ಯುದ್ಧದ ನಡುವೆ ನಡೆದ ಐದು ಕಡಲ ಕಾಳಗಗಳು

ಅಕ್ಕನ ಮಗಳು ಇತಿಹಾಸದ ಪರೀಕ್ಷೆಗೆ ಓದುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ ಕೇಳಿದಳು: "ಮಾಮ, ಶ್ರೀರಂಗಪಟ್ಟಣಕ್ಕೆ ಸಮುದ್ರವೇ ಇಲ್ಲ. ಹೈದರಾಲಿ ಫ್ರೆಂಚರ ಹಡಗಿಗೆ ಯಾಕೆ ಅಷ್ಟು ಕಾಯ್ತಾ ಇದ್ದ?"

ಒಳ್ಳೆಯ ಪ್ರಶ್ನೆ. ಪುಸ್ತಕದಲ್ಲಿ ಎರಡನೇ ಮೈಸೂರು ಯುದ್ಧದ ಪಾಠ ಬೇಗ ಬೇಗ ಓಡುತ್ತದೆ. 1780ರಲ್ಲಿ ಪೊಲ್ಲಿಲೂರು, 1781ರಲ್ಲಿ ಪೋರ್ಟೋ ನೋವೋ, 1782ರಲ್ಲಿ ಹೈದರ್ ಸಾವು, 1784ರಲ್ಲಿ ಮಂಗಳೂರು ಒಪ್ಪಂದ. ಇದರ ಮಧ್ಯೆ ಬಂಗಾಳ ಕೊಲ್ಲಿಯಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಐದು ದೊಡ್ಡ ಕಾಳಗ ನಡೆದವು. ಐದರಲ್ಲೂ ಎದುರಾಳಿಗಳು ಅದೇ ಇಬ್ಬರು ಅಡ್ಮಿರಲ್‌ಗಳು, ಅಂದರೆ ನೌಕಾಪಡೆಯ ಸೇನಾಪತಿಗಳು: ಇಂಗ್ಲಿಷರ ಹ್ಯೂಸ್, ಫ್ರೆಂಚರ ಸುಫ್ರೆನ್. ಅದು ನಮ್ಮ ಪಾಠದಲ್ಲಿ ಒಂದು ಸಾಲಿಗೂ ಬರುವುದಿಲ್ಲ. ಅದನ್ನು ಬಿಟ್ಟರೆ ಆ ಯುದ್ಧ ಯಾಕೆ ಹಾಗೆ ಮುಗಿಯಿತು ಅನ್ನುವುದು ಅರ್ಥ ಆಗುವುದೂ ಇಲ್ಲ.

ಅಮೆರಿಕದ ಜಗಳ, ಮಾಹೆಯ ಬಂದರು

ಮೊದಲು ಯುರೋಪಿನವರು ಇಲ್ಲಿ ಯಾಕೆ ಹೊಡೆದಾಡುತ್ತಿದ್ದರು ನೋಡೋಣ.

ಅಮೆರಿಕದ ವಸಾಹತುಗಳು ಬ್ರಿಟನ್ ವಿರುದ್ಧ ತಿರುಗಿಬಿದ್ದಿದ್ದ ಕಾಲ ಅದು. 1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಪರ ನಿಂತಿತು. ಅಲ್ಲಿಗೆ ಬ್ರಿಟನ್ ಮತ್ತು ಫ್ರಾನ್ಸ್ ಎಲ್ಲಿ ಎದುರಾದರೂ ಶತ್ರುಗಳು. ಇಬ್ಬರಿಗೂ ಭಾರತದಲ್ಲಿ ಕೋಠಿಗಳು, ಕೋಟೆಗಳು ಇದ್ದವು. ಹಾಗಾಗಿ ಬಾಸ್ಟನ್ ಕಡೆಯ ಜಗಳ ಪಾಂಡಿಚೇರಿಗೆ ಬಂತು. ಅದೇ ವರ್ಷ ಇಂಗ್ಲಿಷರು ಪಾಂಡಿಚೇರಿಯನ್ನು ಹಿಡಿದರು. 1779ರಲ್ಲಿ ಮಲಬಾರ್ ತೀರದ ಮಾಹೆಯನ್ನೂ ಕಿತ್ತುಕೊಂಡರು.

ಹೈದರ್ ಕೆರಳಿದ್ದು ಮಾಹೆಗಾಗಿ. ಫ್ರೆಂಚರ ಬಂದೂಕು, ಮದ್ದುಗುಂಡು ಅವನಿಗೆ ಬರುತ್ತಿದ್ದದ್ದು ಆ ಪುಟ್ಟ ಬಂದರಿನಿಂದ. 1780ರ ಜುಲೈನಲ್ಲಿ ಅವನು ದೊಡ್ಡ ಸೈನ್ಯದೊಂದಿಗೆ ಘಟ್ಟ ಇಳಿದು ಕರ್ನಾಟಿಕ್ ಸೀಮೆಗೆ ನುಗ್ಗಿದ. ಕರ್ನಾಟಿಕ್ ಅಂದರೆ ನಮ್ಮ ಕರ್ನಾಟಕ ಅಲ್ಲ, ಇವತ್ತಿನ ತಮಿಳುನಾಡಿನ ಉತ್ತರದ ಭಾಗ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷ್ ಕರ್ನಲ್ ಬೇಲಿಯ ಪಡೆ ಪೂರ್ತಿ ನೆಲಕಚ್ಚಿತು.

ನೆಲದ ಮೇಲೆ ಗೆದ್ದಾಯಿತು. ಆದರೆ ಮದ್ರಾಸ್ ಬೀಳಲಿಲ್ಲ. ಸುತ್ತಲಿನ ಹಳ್ಳಿಗಳು ಬೆಂದುಹೋಗಿದ್ದರೂ ಮದ್ರಾಸಿಗೆ ಬಂಗಾಳದಿಂದ ಅಕ್ಕಿ, ದುಡ್ಡು ಬರುತ್ತಲೇ ಇದ್ದವು. ಎಲ್ಲವೂ ಹಡಗಿನಲ್ಲಿ. ಊರಿನ ಎಲ್ಲ ದಾರಿಗೂ ಬೇಲಿ ಹಾಕಿ, ಹಿತ್ತಲ ಬಾಗಿಲು ತೆರೆದೇ ಬಿಟ್ಟ ಹಾಗೆ. "ನೆಲದ ಮೇಲೆ ಇವರನ್ನು ಹಾಳು ಮಾಡಬಲ್ಲೆ, ಸಮುದ್ರವನ್ನು ಬತ್ತಿಸಲಾರೆ" ಎಂದು ಹೈದರ್ ಕೊನೆಗಾಲದಲ್ಲಿ ಪೂರ್ಣಯ್ಯನ ಹತ್ತಿರ ಹೇಳಿದನೆಂಬ ಮಾತು ಉಳಿದುಕೊಂಡಿದೆ.

ಅವನಿಗೆ ತನ್ನದೇ ಹಡಗುಗಳು ಇರಲಿಲ್ಲವೇ? ಇದ್ದವು, ಮಂಗಳೂರಿನಲ್ಲಿ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಅಲ್ಲಿಗೇ ಬಂದು ಅವನ್ನು ನಾಶ ಮಾಡಿದ. ಆಮೇಲೆ ಹಿತ್ತಲ ಬಾಗಿಲು ಹಾಕಬಲ್ಲವರು ಫ್ರೆಂಚರು ಮಾತ್ರ.

ಕೈಗೆ ಬಂದಿದ್ದ ತುತ್ತು

1781ರ ಫೆಬ್ರವರಿಯಲ್ಲಿ ಅಂಥ ಒಂದು ಗಳಿಗೆ ಬಂದಿತ್ತು ಕೂಡ. ಇಂಗ್ಲಿಷ್ ಸೇನಾಪತಿ ಐರ್ ಕೂಟ್ ಮದ್ರಾಸಿನ ದಕ್ಷಿಣದ ಕಡಲೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಒಂದು ಕಡೆ ಹೈದರ್, ಇನ್ನೊಂದು ಕಡೆ ಸಮುದ್ರ. ಊಟಕ್ಕೆ ಅಕ್ಕಿ ಇಲ್ಲ. ಅದೇ ಹೊತ್ತಿಗೆ ಫ್ರೆಂಚ್ ಅಡ್ಮಿರಲ್ ದೋರ್ವ್ ತನ್ನ ಹಡಗುಗಳೊಂದಿಗೆ ಅಲ್ಲಿ ಕಾಣಿಸಿಕೊಂಡ. ಹ್ಯೂಸ್ ಇದ್ದದ್ದು ದೂರದ ಪಶ್ಚಿಮ ತೀರದಲ್ಲಿ. ದೋರ್ವ್ ಸುಮ್ನೆ ಕೆಲವು ವಾರ ಅಲ್ಲೇ ನಿಂತಿದ್ದರೂ ಸಾಕಿತ್ತು.

ನಿಲ್ಲಲಿಲ್ಲ. ಹೈದರ್ ಎಷ್ಟು ಕೇಳಿಕೊಂಡರೂ ಹಡಗುಗಳನ್ನು ತಿರುಗಿಸಿಕೊಂಡು ಮಾರಿಷಸ್‌ಗೆ ಹೊರಟುಹೋದ. ಕೂಟ್‌ಗೆ ಸಮುದ್ರದಿಂದ ಅಕ್ಕಿ ಬಂತು. ಜುಲೈ 1ರಂದು ಪೋರ್ಟೋ ನೋವೋದಲ್ಲಿ ಅವನೇ ಹೈದರನನ್ನು ಸೋಲಿಸಿದ. ಪಾಠದಲ್ಲಿ ಪೋರ್ಟೋ ನೋವೋ ಸೋಲು ಇದೆ, ಅದಕ್ಕೆ ಮುಂಚಿನ ಈ ಕಥೆ ಇಲ್ಲ.

ಆಮೇಲೆ ಬಂದವನು ಪಿಯೇರ್ ಆಂದ್ರೆ ದ ಸುಫ್ರೆನ್. ಐವತ್ತು ದಾಟಿದ ವಯಸ್ಸು, ಭಾರಿ ದಪ್ಪ ಶರೀರ, ಅದಕ್ಕಿಂತ ಭಾರಿ ಕೋಪ. 1781ರ ಮಾರ್ಚ್‌ನಲ್ಲಿ ಫ್ರಾನ್ಸಿನ ಬ್ರೆಸ್ಟ್ ಬಂದರಿನಿಂದ ಐದು ಯುದ್ಧಹಡಗುಗಳೊಂದಿಗೆ ಹೊರಟ. ದಾರಿಯಲ್ಲಿ ಇಂಗ್ಲಿಷರ ಒಂದು ಪಡೆಯ ಮೇಲೆ ಬಿದ್ದು, ಆಫ್ರಿಕಾದ ದಕ್ಷಿಣ ತುದಿಯ ಡಚ್ಚರ ನೆಲೆ ಕೇಪ್ ಅನ್ನು ಉಳಿಸಿ, ಮಾರಿಷಸ್ ಮುಟ್ಟಿದ. ಅಲ್ಲಿಂದ ದೋರ್ವ್‌ನ ಕೈಕೆಳಗೆ ಭಾರತಕ್ಕೆ ಹೊರಟ. 1782ರ ಫೆಬ್ರವರಿ 9ರಂದು ದೋರ್ವ್ ಸಮುದ್ರದಲ್ಲೇ ತೀರಿಕೊಂಡ. ಪಡೆಯ ನಾಯಕತ್ವ ಸುಫ್ರೆನ್ ಕೈಗೆ ಬಂತು. ಎಂಟೇ ದಿನಕ್ಕೆ ಮೊದಲ ಕಾಳಗ.

ಹಾಯಿಹಡಗಿನ ಜಗಳ ಹೇಗೆ?

ಕಾಳಗಕ್ಕೆ ಹೋಗುವ ಮುಂಚೆ ಸ್ವಲ್ಪ ನಿಲ್ಲಬೇಕು. ಸಿನಿಮಾದಲ್ಲಿ ನೋಡುವ ಹಡಗಿನ ಜಗಳಕ್ಕೂ ನಿಜವಾದದ್ದಕ್ಕೂ ದೂರ ಜಾಸ್ತಿ.

ಆಗಿನ ದೊಡ್ಡ ಯುದ್ಧಹಡಗು ಅಂದರೆ ಮರದ ತೇಲುವ ಕೋಟೆ. ಎರಡು ಅಂತಸ್ತಿನಲ್ಲಿ ಸಾಲಾಗಿ ಫಿರಂಗಿಗಳು. ಸಾಮಾನ್ಯ ಲೆಕ್ಕ 64 ಅಥವಾ 74 ಫಿರಂಗಿ. 74ರ ಹಡಗಿನಲ್ಲಿ ಆರೇಳುನೂರು ಜನ. ಕೆಳಗಿನ ಅಂತಸ್ತಿನ ಫಿರಂಗಿಯ ಒಂದು ಗುಂಡೇ 14–15 ಕೆಜಿ ತೂಕ.

ಈಗ ಒಂದು ಬಸ್ಸನ್ನು ನೆನೆಸಿಕೊಳ್ಳಿ. ಒಳಗೆ ಕೂತವರು ಕಲ್ಲು ಎಸೆಯಬೇಕು ಅಂದರೆ ಪಕ್ಕದ ಕಿಟಕಿಯಿಂದಲೇ ಎಸೆಯಬೇಕು. ಮುಂದಕ್ಕೂ ಹಿಂದಕ್ಕೂ ಆಗುವುದಿಲ್ಲ. ಹಡಗಿನ ಫಿರಂಗಿಗಳೂ ಹಾಗೆ, ಎರಡು ಪಕ್ಕಕ್ಕೆ ಇರುತ್ತವೆ. ಮುಂದೆ ಮತ್ತು ಹಿಂದೆ ಹೆಚ್ಚುಕಡಿಮೆ ಬರಿಗೈ. ಹಾಗಾಗಿ ಹಡಗುಗಳು ಒಂದರ ಹಿಂದೆ ಒಂದು ಸಾಲು ಕಟ್ಟುತ್ತವೆ. ಒಂದರ ಮೂತಿಯನ್ನು ಮುಂದಿನದರ ಬಾಲ ಕಾಯುತ್ತದೆ, ಎಲ್ಲರ ಪಕ್ಕವೂ ಶತ್ರುವಿನ ಕಡೆಗೆ. ಎದುರಾಳಿಯೂ ಇಂಥದೇ ಸಾಲು ಕಟ್ಟುತ್ತಾನೆ. ಎರಡೂ ಸಾಲು ಅಕ್ಕಪಕ್ಕ ಸಾಗುತ್ತಾ ಗಂಟೆಗಟ್ಟಲೆ ಗುಂಡು ಹೊಡೆದುಕೊಳ್ಳುತ್ತವೆ. ಈ ಸಾಲಿನಲ್ಲಿ ನಿಲ್ಲುವಷ್ಟು ಗಟ್ಟಿಯಾದವನ್ನು ಇಲ್ಲಿ ಸಾಲುಹಡಗು ಅನ್ನೋಣ.

ಇನ್ನೊಂದು ಮುಖ್ಯ ವಿಷಯ ಗಾಳಿ. ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಸುಲಭ. ತೂರುವವನು ಗಾಳಿ ಎಲ್ಲಿಂದ ಬರುತ್ತಿದೆ ನೋಡಿ ನಿಲ್ಲುತ್ತಾನೆ. ಕೆಳಗಾಳಿಗೆ ನಿಂತವನ ಕಣ್ಣಿಗೆಲ್ಲ ಹೊಟ್ಟು. ಸಮುದ್ರದಲ್ಲೂ ಮೇಲುಗಾಳಿಯಲ್ಲಿ ಇರುವವನಿಗೆ ಲಾಭ. ಅವನು ಬೇಕೆಂದಾಗ ಗಾಳಿಯೊಂದಿಗೆ ಇಳಿದು ಮೇಲೆ ಬೀಳಬಹುದು. ಬೇಡವೆಂದರೆ ದೂರವೇ ಉಳಿಯಬಹುದು. ಮದ್ದಿನ ಹೊಗೆ ಕೂಡ ಶತ್ರುವಿನ ಮುಖಕ್ಕೆ ಹೋಗುತ್ತದೆ. ಕೆಳಗಾಳಿಯವನು ಗಾಳಿಗೆ ಎದುರಾಗಿ ನೇರ ಬರಲಾರ. ಎತ್ತಿನ ಗಾಡಿ ಕಡಿದಾದ ಘಟ್ಟ ಏರುವ ಹಾಗೆ ಆ ಕಡೆ ಈ ಕಡೆ ತಿರುಗುತ್ತಾ ಬರಬೇಕು.

ಸುಫ್ರೆನ್‌ಗೆ ಈ ಸಾಲು ಕಟ್ಟಿ ಗುಂಡು ಹಾರಿಸುವ ಆಟ ಹಿಡಿಸುತ್ತಿರಲಿಲ್ಲ. ಅವನ ಉಪಾಯ ಬೇರೆ. ಶತ್ರುವಿನ ಸಾಲಿನ ಬಾಲದ ನಾಲ್ಕೈದು ಹಡಗುಗಳನ್ನು ಮಾತ್ರ ಹಿಡಿ. ಅವಕ್ಕೆ ಎರಡೂ ಪಕ್ಕದಿಂದ ಹೊಡಿ. ಕಬಡ್ಡಿಯಲ್ಲಿ ಮೂಲೆಗೆ ಸಿಕ್ಕವನನ್ನು ಇಬ್ಬರು ಎರಡು ಕಡೆಯಿಂದ ಹಿಡಿಯುತ್ತಾರಲ್ಲ, ಹಾಗೆ. ಮುಂದೆ ಹೋದ ಹಡಗುಗಳು ತಿರುಗಿ ಬಂದು ಸಹಾಯ ಮಾಡುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇದಕ್ಕೆ ಪ್ರತಿಯೊಬ್ಬ ಕ್ಯಾಪ್ಟನ್ನೂ ಮನಸ್ಸಿಟ್ಟು ಮುನ್ನುಗ್ಗಬೇಕು. ಹೇಳುವುದಕ್ಕೆ ಇದ್ದದ್ದು ಬಾವುಟದ ಸನ್ನೆ ಒಂದೇ. ಹೊಗೆಯಲ್ಲಿ ಅದೂ ಕಾಣುವುದಿಲ್ಲ. ಕಾಣದ ಹಾಗೆ ಇರಬೇಕು ಅಂದುಕೊಂಡವರಿಗಂತೂ ಖಂಡಿತ ಕಾಣುವುದಿಲ್ಲ!

ಬಂದರಿಲ್ಲದ ತೀರ

ಮದ್ರಾಸಿನಿಂದ ನಾಗಪಟ್ಟಣಂವರೆಗಿನ ಕೋರಮಂಡಲ ತೀರದಲ್ಲಿ ಆಗ ದೊಡ್ಡ ಹಡಗು ಒಳಗೆ ಬಂದು ನಿಲ್ಲುವಂಥ ಒಂದು ಬಂದರೂ ಇರಲಿಲ್ಲ. ಮದ್ರಾಸಿನಲ್ಲೇ ಹಡಗು ದೂರದಲ್ಲಿ ಲಂಗರು ಹಾಕಬೇಕು. ಹಗ್ಗದಿಂದ ಹಲಗೆ ಹೊಲಿದ ಮಸುಲಾ ದೋಣಿಗಳಲ್ಲಿ ಜನ, ಸಾಮಾನು ಅಲೆ ದಾಟಿ ದಡ ಸೇರಬೇಕು.

ಹಿಂಗಾರು ಶುರುವಾದರೆ ಅಲ್ಲಿ ನಿಲ್ಲುವುದೇ ಅಪಾಯ. ಅಕ್ಟೋಬರ್ ಹತ್ತಿರ ಬಂತು ಅಂದರೆ ಚಂಡಮಾರುತದ ಭಯ. ಇಂಗ್ಲಿಷರು ಸುತ್ತಿ ಬಳಸಿ ಬೊಂಬಾಯಿಗೆ ಹೋಗಿ ರಿಪೇರಿ ಮಾಡಿಕೊಳ್ಳುತ್ತಿದ್ದರು. ಫ್ರೆಂಚರಿಗೆ ಹತ್ತಿರದ ನೆಲೆ ಅಂದರೆ ಸಾವಿರಾರು ಕಿಲೋಮೀಟರ್ ಆಚೆಯ ಮಾರಿಷಸ್.

ಆ ಕಡೆ ಒಂದೇ ಒಂದು ಒಳ್ಳೆಯ ಬಂದರು ಇತ್ತು. ಸಿಂಹಳದ ಪೂರ್ವ ತೀರದ ಟ್ರಿಂಕೋಮಲಿ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ನೈಋತ್ಯದಿಂದ. ಟ್ರಿಂಕೋಮಲಿ ದಕ್ಷಿಣಕ್ಕಿದೆ. ಅಲ್ಲಿಂದ ಹೊರಟ ಹಡಗು ಗಾಳಿಯ ಜೊತೆಗೇ ಕೋರಮಂಡಲ ತೀರಕ್ಕೆ ಬಂದು ಬೀಳುತ್ತದೆ. ಡಚ್ಚರ ಕೈಯಲ್ಲಿದ್ದ ಈ ಬಂದರನ್ನು 1782ರ ಜನವರಿಯಲ್ಲಿ ಹ್ಯೂಸ್ ಹಿಡಿದುಕೊಂಡಿದ್ದ.

ಹ್ಯೂಸ್‌ನ ಹಡಗುಗಳಿಗೆ ಇನ್ನೊಂದು ಅನುಕೂಲ ಇತ್ತು: ತಳಕ್ಕೆ ತಾಮ್ರದ ತಗಡು. ಬೆಚ್ಚಗಿನ ಸಮುದ್ರದಲ್ಲಿ ಮರ ಕೊರೆಯುವ ಹುಳು ಇರುತ್ತದೆ, ಪಾಚಿ ಬೆಳೆಯುತ್ತದೆ, ಚಿಪ್ಪು ಅಂಟುತ್ತದೆ. ತಾಮ್ರ ಇದ್ದರೆ ತಳ ನುಣ್ಣಗಿದ್ದು ಓಟ ಚುರುಕು. ಸುಫ್ರೆನ್‌ನ ಕೆಲವು ಹಡಗುಗಳಿಗೆ ತಾಮ್ರ ಇರಲಿಲ್ಲ. ಒಂದೇ ಸಾಲಿನಲ್ಲಿ ಓಡುವ ಎತ್ತು, ಕುಂಟುವ ಎತ್ತು ಎರಡೂ ಇದ್ದಂತೆ.

ಮೊದಲ ಮೂರು ಕಾಳಗ

1782ರ ಫೆಬ್ರವರಿ 17, ಮದ್ರಾಸಿನ ದಕ್ಷಿಣಕ್ಕೆ ಸದ್ರಾಸ್ ಊರಿನ ಎದುರು. ಹ್ಯೂಸ್ ಬಳಿ 9 ಸಾಲುಹಡಗು, ಸುಫ್ರೆನ್ ಬಳಿ ಅದಕ್ಕಿಂತ ಜಾಸ್ತಿ. ಸುಫ್ರೆನ್ ಬಾಲ ಹಿಡಿಯುವ ಉಪಾಯ ಮಾಡಿದ. ಇಂಗ್ಲಿಷರ ಎಕ್ಸಿಟರ್ ಮತ್ತು ಹ್ಯೂಸ್ ತಾನೇ ಇದ್ದ ಸೂಪರ್ಬ್ ಚಿಂದಿಯಾದವು. ಆದರೆ ಫ್ರೆಂಚ್ ಕ್ಯಾಪ್ಟನ್‌ಗಳಲ್ಲಿ ಹಲವರು ಹತ್ತಿರ ಬರದೆ ದೂರದಿಂದಲೇ ಗುಂಡು ಹಾರಿಸುತ್ತಾ ಉಳಿದರು. ಸಂಜೆಯಾಯಿತು, ಹ್ಯೂಸ್ ಉಳಿದುಕೊಂಡ.

ಅದೇ ವಾರ ತಂಜಾವೂರು ಸೀಮೆಯಲ್ಲಿ ಟಿಪ್ಪು ಕರ್ನಲ್ ಬ್ರೈತ್‌ವೇಟ್‌ನ ಪಡೆಯನ್ನು ಸುತ್ತುವರಿದು ಸೆರೆ ಹಿಡಿದಿದ್ದ. ಸುಫ್ರೆನ್ ತಂದಿದ್ದ ಫ್ರೆಂಚ್ ಸೈನಿಕರು ಪೋರ್ಟೋ ನೋವೋದಲ್ಲಿ ಇಳಿದರು. ಏಪ್ರಿಲ್ ಮೊದಲಲ್ಲಿ ಮೈಸೂರಿನವರೂ ಫ್ರೆಂಚರೂ ಸೇರಿ ಕಡಲೂರನ್ನು ತೆಗೆದುಕೊಂಡರು.

ಎರಡನೆಯದು ಏಪ್ರಿಲ್ 12, ಟ್ರಿಂಕೋಮಲಿ ಹತ್ತಿರದ ಪ್ರೊವಿಡಿಯನ್ ಎಂಬ ಬಂಡೆಯ ಬಳಿ. ಐದರಲ್ಲಿ ತುಂಬ ರಕ್ತ ಹರಿದದ್ದರಲ್ಲಿ ಇದೂ ಒಂದು. ಸತ್ತವರ ಲೆಕ್ಕ ಎರಡೂ ಕಡೆ ಒಂದೇ: 137. ರಾತ್ರಿ ಮಳೆಗಾಳಿ ಬಂದು ಜಗಳ ನಿಂತಿತು. ಆಮೇಲೆ ಸುಮಾರು ಒಂದು ವಾರ ಎರಡೂ ಪಡೆಗಳು ಹತ್ತಿರದಲ್ಲೇ ಲಂಗರು ಹಾಕಿ, ಒಬ್ಬರ ಕಣ್ಣೆದುರು ಒಬ್ಬರು ಹಡಗು ರಿಪೇರಿ ಮಾಡಿಕೊಂಡವು. ಯಾರಿಗೂ ಇನ್ನೊಬ್ಬರ ಮೇಲೆ ಬೀಳುವ ಶಕ್ತಿ ಉಳಿದಿರಲಿಲ್ಲ.

ಜುಲೈ 6ರಂದು ನಾಗಪಟ್ಟಣಂ ಎದುರು 11ಕ್ಕೆ 11. ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಎರಡೂ ಸಾಲುಗಳನ್ನು ಕಲಸಿಹಾಕಿತು. ಆ ಗೊಂದಲದಲ್ಲಿ ಸೆವೇರ್ ಎಂಬ ಫ್ರೆಂಚ್ ಹಡಗಿನ ಕ್ಯಾಪ್ಟನ್ ಬಾವುಟ ಇಳಿಸಿಬಿಟ್ಟ. ಬಾವುಟ ಇಳಿಸುವುದು ಅಂದರೆ ಶರಣು. ಅವನ ಕೈಕೆಳಗಿನ ಅಧಿಕಾರಿಗಳು ಒಪ್ಪಲಿಲ್ಲ, ಗುಂಡು ಹಾರಿಸುವುದನ್ನು ಮುಂದುವರಿಸಿ ಹಡಗನ್ನು ಉಳಿಸಿಕೊಂಡರು. ಕ್ಯಾಪ್ಟನ್‌ನನ್ನು ಸುಫ್ರೆನ್ ಕೆಲಸದಿಂದ ತೆಗೆದ.

ದಪ್ಪ ಅಡ್ಮಿರಲ್, ಹೈದರನ ದಿಂಬು

ನಾಗಪಟ್ಟಣಂ ಆದ ಮೇಲೆ ಫ್ರೆಂಚ್ ಹಡಗುಗಳ ಸ್ಥಿತಿ ನೋಡುವ ಹಾಗಿರಲಿಲ್ಲ. ಹಾಯಿ ಕಟ್ಟುವ ಕಂಬಗಳು ಮುರಿದಿದ್ದವು. ಅಷ್ಟುದ್ದದ ನೇರ ಮರ ಆ ತೀರದಲ್ಲಿ ಎಲ್ಲಿ ಸಿಗಬೇಕು? ಮಾರಿಷಸ್‌ಗೆ ಹೋದರೆ ಒಂದು ವರ್ಷ ಕೈಬಿಟ್ಟ ಹಾಗೆ. ಬೇರೆ ಯಾರಾದರೂ ಹೋಗುತ್ತಿದ್ದರೇನೋ. ಸುಫ್ರೆನ್ ಸಣ್ಣ ಹಡಗುಗಳ ಕಂಬ ಕಿತ್ತು ದೊಡ್ಡವಕ್ಕೆ ನಿಲ್ಲಿಸಿದ. ಕಡಲೂರಿನ ಮನೆಗಳನ್ನು ಕೆಡವಿಸಿ ತೊಲೆ, ಹಲಗೆ ತೆಗೆದುಕೊಂಡ. ಮನೆ ಕಳೆದುಕೊಂಡವರ ಪಾಡು ಯಾರೂ ಬರೆದಿಟ್ಟ ಹಾಗಿಲ್ಲ.

ಜುಲೈ 26ರಂದು ಹೈದರ್ ಅವನನ್ನು ನೋಡಲು ಕಡಲೂರಿನ ಹತ್ತಿರ ತನ್ನ ಸೈನ್ಯದೊಂದಿಗೆ ಬಂದ. ದರ್ಬಾರಿನಲ್ಲಿ ನೆಲದ ಮೇಲೆ ಕಾಲು ಮಡಚಿ ಕೂರಬೇಕು. ಸುಫ್ರೆನ್‌ನ ಹೊಟ್ಟೆ ಅದಕ್ಕೆ ಬಿಡಲಿಲ್ಲ. ಅದನ್ನು ನೋಡಿ ಹೈದರ್ ದಿಂಬುಗಳನ್ನು ತರಿಸಿ, ಈ ರೀತಿ ರಿವಾಜೆಲ್ಲ ನಿಮಗಲ್ಲ, ಹೇಗೆ ಬೇಕೋ ಹಾಗೆ ಕೂತುಕೊಳ್ಳಿ ಅಂದನೆಂದು ಕಥೆ ಇದೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಮೆಚ್ಚುಗೆ. ಹಿಂದಿನ ವರ್ಷ ಇದೇ ಊರಿನ ಎದುರಿನಿಂದ ಬೆನ್ನು ತಿರುಗಿಸಿ ಹೋದ ಅಡ್ಮಿರಲ್‌ನನ್ನು ಹೈದರ್ ಕಂಡಿದ್ದನಲ್ಲ.

ಟ್ರಿಂಕೋಮಲಿ, ಬಿಳಿ ಬಾವುಟ

ಹ್ಯೂಸ್ ಮದ್ರಾಸಿನಲ್ಲಿ ನಿಧಾನವಾಗಿ ರಿಪೇರಿ ಮಾಡಿಕೊಳ್ಳುತ್ತಿದ್ದಾಗ ಸುಫ್ರೆನ್ ಟ್ರಿಂಕೋಮಲಿಗೆ ಹಾರಿದ. ಆಗಸ್ಟ್ ಕೊನೆಯಲ್ಲಿ ಸೈನಿಕರನ್ನು ಇಳಿಸಿ, ಕೆಲವೇ ದಿನಗಳಲ್ಲಿ ಕೋಟೆಗಳನ್ನು ಶರಣಾಗಿಸಿದ. ಸೆಪ್ಟೆಂಬರ್ 2ರಂದು ಹ್ಯೂಸ್ ಬಂದು ನೋಡಿದರೆ ಕೋಟೆಯ ಮೇಲೆ ಫ್ರೆಂಚ್ ಬಾವುಟ.

ಮಾರನೆಯ ದಿನ ನಾಲ್ಕನೇ ಕಾಳಗ. ಫ್ರೆಂಚರು 14, ಇಂಗ್ಲಿಷರು 12. ಬಂದರು ಕೈಗೆ ಬಂದಿದೆ, ಇನ್ನು ಜಗಳ ಯಾಕೆ ಎಂದು ಫ್ರೆಂಚ್ ಕ್ಯಾಪ್ಟನ್‌ಗಳಲ್ಲಿ ಕೆಲವರಿಗೆ ಅನ್ನಿಸಿತ್ತು. ಸುಫ್ರೆನ್ ಕೇಳಲಿಲ್ಲ. ಸಾಲು ಸರಿಯಾಗಿ ಕೂಡಲೇ ಇಲ್ಲ. ಕೊನೆಗೆ ಅವನ ಹಡಗು ಎರೋ ಮತ್ತು ಜೊತೆಗೆ ಒಂದೆರಡು ಮಾತ್ರ ಇಂಗ್ಲಿಷರ ಸಾಲಿನ ನಡುಮಧ್ಯಕ್ಕೆ ಸಿಕ್ಕಿಬಿದ್ದವು. ಉಳಿದವರು ದೂರ.

ಎರೋದ ದೊಡ್ಡ ಕಂಬ ಮುರಿದು ಬಿತ್ತು. ಅದರ ಜೊತೆ ಬಾವುಟವೂ ಬಿತ್ತು. ಶರಣಾದರು ಎಂದುಕೊಂಡು ಇಂಗ್ಲಿಷರು ಕೇಕೆ ಹಾಕಿದರು. ಬಿಳಿ ಬಾವುಟ ತನ್ನಿ, ಹಡಗಿನ ಸುತ್ತ ಹಾಕಿ ಎಂದು ಸುಫ್ರೆನ್ ಕೂಗಿದ. ಇಲ್ಲಿ ತಪ್ಪು ತಿಳಿಯಬೇಡಿ. ಆಗ ಫ್ರಾನ್ಸ್ ರಾಜನ ನೌಕಾಪಡೆಯ ಬಾವುಟದ ಬಣ್ಣವೇ ಬಿಳಿ. ಅವನು ಹೇಳಿದ್ದು ಶರಣಾಗುವುದಿಲ್ಲ ಅಂತ. ಕತ್ತಲಾಗುವವರೆಗೂ ಹೊಡೆದಾಡಿ ಹೇಗೋ ಪಾರಾದ.

ಈ ಐದು ಕಾಳಗದಲ್ಲಿ ಒಬ್ಬರೂ ಇನ್ನೊಬ್ಬರ ಒಂದು ಸಾಲುಹಡಗನ್ನೂ ಹಿಡಿಯಲಿಲ್ಲ. ಇಷ್ಟು ಗುಂಡು ಹಾರಿಸಿ ಯಾಕೆ ಹೀಗೆ? ದಪ್ಪ ಮರದ ಹಡಗು ಗುಂಡಿನ ತೂತಿಗೆ ಸುಲಭಕ್ಕೆ ಮುಳುಗುವುದಿಲ್ಲ. ತೂತು ಮುಚ್ಚಲು ಬಡಗಿಗಳು ಒಳಗೇ ಕಾದಿರುತ್ತಾರೆ. ಹಡಗು ಸೋಲುವುದು ಕಂಬ ಮುರಿದು ಓಡಲಾಗದೆ, ಜನ ಸತ್ತು ಫಿರಂಗಿ ನಡೆಸಲಾಗದೆ ಒಂಟಿಯಾಗಿ ಸಿಕ್ಕಾಗ. ಹ್ಯೂಸ್ ತನ್ನ ಸಾಲನ್ನು ಒಡೆಯಲು ಬಿಡುತ್ತಿರಲಿಲ್ಲ. ಸುಫ್ರೆನ್ ಸಾಲು ಒಡೆದರೂ ಅವನ ಹಿಂದೆ ಎಲ್ಲರೂ ಬರುತ್ತಿರಲಿಲ್ಲ. ಫ್ರೆಂಚರ ದೊಡ್ಡ ನಷ್ಟ ಆದದ್ದು ಜಗಳದಲ್ಲಲ್ಲ. ಟ್ರಿಂಕೋಮಲಿ ಬಂದರಿಗೆ ವಾಪಸಾಗುವಾಗ ಓರಿಯಾಂ ಎಂಬ 74 ಫಿರಂಗಿಯ ಹಡಗು ಬಂಡೆಗೆ ಬಡಿದು ಹೋಯಿತು. ಅಕ್ಟೋಬರಿನಲ್ಲಿ ಬಿಜಾರ್ ಎಂಬ ಇನ್ನೊಂದು ಹಡಗು ಕಡಲೂರಿನಲ್ಲಿ ದಡಕ್ಕೆ ಬಿದ್ದು ಹಾಳಾಯಿತು.

ಒಪ್ಪಂದ ಆದ ಮೇಲೆ ನಡೆದ ಕಾಳಗ

ಹಿಂಗಾರು ಬಂತು. ಹ್ಯೂಸ್ ಬೊಂಬಾಯಿಗೆ ಹೋದ, ಸುಫ್ರೆನ್ ಸುಮಾತ್ರಾದ ಅಚೆ ಬಂದರಿಗೆ. ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಹತ್ತಿರದ ಶಿಬಿರದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬಂದ, ಪಶ್ಚಿಮದ ಕಡೆ ಇಂಗ್ಲಿಷರು ಒಳನುಗ್ಗಿದ್ದರಿಂದ ಆ ಕಡೆ ತಿರುಗಿದ.

1783ರ ಮಾರ್ಚ್‌ನಲ್ಲಿ ಕೊನೆಗೂ ಫ್ರಾನ್ಸಿನಿಂದ ಸೇನಾಪತಿ ಬುಸ್ಸಿ ಸೈನ್ಯದೊಂದಿಗೆ ಬಂದ. ಅವನು ಕಡಲೂರಿನಲ್ಲಿ ಕೂತ, ಜೂನ್‌ನಲ್ಲಿ ಇಂಗ್ಲಿಷ್ ಜನರಲ್ ಸ್ಟುವರ್ಟ್ ಅವನಿಗೆ ಮುತ್ತಿಗೆ ಹಾಕಿದ. ಸ್ಟುವರ್ಟ್‌ನ ಅನ್ನ ನೀರು ಬರುತ್ತಿದ್ದದ್ದು ಹ್ಯೂಸ್‌ನ ಹಡಗುಗಳಿಂದ. ಮತ್ತೆ ಅದೇ ಹಿತ್ತಲ ಬಾಗಿಲು.

ಹ್ಯೂಸ್ ಬಳಿ ಈಗ 18 ಸಾಲುಹಡಗು. ಸುಫ್ರೆನ್ ಬಳಿ 15, ಅದರಲ್ಲೂ ಜನ ಸಾಲದು. ಬುಸ್ಸಿಯಿಂದ 1,200 ಜನರನ್ನು ಸಾಲ ತೆಗೆದುಕೊಂಡು ಹಡಗು ತುಂಬಿಸಿದ. ಜೂನ್ 20ರಂದು ಮೂರು ಗಂಟೆ ಹತ್ತಿರ ಗುಂಡಿನ ಮಳೆ. ಎರಡೂ ಕಡೆ ನೂರರ ಹತ್ತಿರ ಸಾವು. ಈ ಸಲ ಸುಫ್ರೆನ್ ಇದ್ದದ್ದು ಸಾಲಿನ ಹೊರಗೆ ಒಂದು ಚಿಕ್ಕ ಹಡಗಿನಲ್ಲಿ. ಅಮೆರಿಕದ ಕಡೆ ಒಬ್ಬ ಫ್ರೆಂಚ್ ಅಡ್ಮಿರಲ್ ತನ್ನ ಹಡಗಿನೊಂದಿಗೇ ಸೆರೆ ಸಿಕ್ಕಿದ್ದ, ಹಾಗಾಗಿ ಅಡ್ಮಿರಲ್‌ಗಳು ಸಾಲಿನಲ್ಲಿ ನಿಲ್ಲಬಾರದೆಂದು ರಾಜನ ಆಜ್ಞೆ ಬಂದಿತ್ತು.

ಹಡಗು ಯಾರೂ ಕಳೆದುಕೊಳ್ಳಲಿಲ್ಲ. ಆದರೆ ಹ್ಯೂಸ್‌ನ ನಾವಿಕರು ಸ್ಕರ್ವಿಯಿಂದ ಮಲಗಿದ್ದರು. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಇಲ್ಲದೆ ವಸಡು ಊದಿ, ಹಳೆ ಗಾಯ ಬಿಚ್ಚಿಕೊಳ್ಳುವ ಕಾಯಿಲೆ ಅದು. ಕುಡಿಯುವ ನೀರೂ ಮುಗಿದಿತ್ತು. ಹ್ಯೂಸ್ ಮದ್ರಾಸಿಗೆ ಹೊರಟುಹೋದ. ಸುಫ್ರೆನ್ ಸಾಲದ ಸೈನಿಕರನ್ನು ವಾಪಸ್ ಕೊಟ್ಟು, ಮೇಲೆ ತನ್ನ ನಾವಿಕರನ್ನೂ ಇಳಿಸಿದ. ಈಗ ಸಿಕ್ಕಿಬಿದ್ದವನು ಸ್ಟುವರ್ಟ್. ಎರಡು ವರ್ಷದ ಹಿಂದೆ ಕೂಟ್ ಸಿಕ್ಕಿಬಿದ್ದಿದ್ದ ಹಾಗೆ, ಅದೇ ಊರಿನಲ್ಲಿ.

ಜೂನ್ 29ರಂದು ಮದ್ರಾಸಿನಿಂದ ಮೀಡಿಯಾ ಎಂಬ ಇಂಗ್ಲಿಷ್ ಹಡಗು ಸಂಧಾನದ ಬಾವುಟ ಕಟ್ಟಿಕೊಂಡು ಬಂತು. ತಂದ ಸುದ್ದಿ ಇಷ್ಟು: ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯ ಮೊದಲ ಕರಾರಿಗೆ ಯುರೋಪಿನಲ್ಲಿ ಸಹಿ ಬಿದ್ದಿದೆ. ತಾರೀಕು ಜನವರಿ 20, 1783. ಕಡಲೂರಿನ ಕಾಳಗ ನಡೆಯುವಾಗ ಯುದ್ಧ ನಿಲ್ಲಿಸುವ ಮಾತಾಗಿ ಸರಿಯಾಗಿ ಐದು ತಿಂಗಳಾಗಿತ್ತು. ಆಗಿನ ಸುದ್ದಿಯ ವೇಗ ಅಂದರೆ ಹಾಯಿಯ ವೇಗ.

ಟಿಪ್ಪು ಆಗ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನ ಜೊತೆ ಫ್ರೆಂಚ್ ಸೈನಿಕರೂ ಇದ್ದರು. ಶಾಂತಿಯ ಸುದ್ದಿ ಅಲ್ಲಿಗೂ ಮುಟ್ಟಿತು. ಫ್ರೆಂಚರು ಇನ್ನು ನಾವು ಹೊಡೆದಾಡುವ ಹಾಗಿಲ್ಲ ಎಂದು ಕೈ ತೊಳೆದುಕೊಂಡರು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ 1784ರ ಜನವರಿ ಕೊನೆಗೆ ಕೋಟೆ ತೆಗೆದುಕೊಂಡ. ಮಾರ್ಚ್ 11ರಂದು ಅಲ್ಲೇ ಒಪ್ಪಂದವಾಯಿತು. ಗೆದ್ದ ಊರುಗಳನ್ನು ಇಬ್ಬರೂ ವಾಪಸ್ ಕೊಡುವುದು, ಸೆರೆಯಾಳುಗಳನ್ನು ಬಿಡುವುದು. ಅಕ್ಕನ ಮಗಳ ಪುಸ್ತಕದಲ್ಲಿ ಇದ್ದ ಆ ಒಂದು ಸಾಲು ಇದೇ.

ಸುಫ್ರೆನ್ ಊರಿಗೆ ಹೋಗುವ ದಾರಿಯಲ್ಲಿ ಕೇಪ್‌ನಲ್ಲಿ ನಿಂತಿದ್ದಾಗ, ಹ್ಯೂಸ್‌ನ ಪಡೆಯ ಇಂಗ್ಲಿಷ್ ಕ್ಯಾಪ್ಟನ್‌ಗಳೂ ಅಲ್ಲಿದ್ದರು. ಅವರೇ ಅವನ ಹಡಗಿಗೆ ಹೋಗಿ ನಮಸ್ಕಾರ ಹೇಳಿ ಬಂದರು.